ಮೇಲೇಳದ ಕೀ

ಪುತ್ತೂರಿನ ನಮ್ಮ ಕಾನ್ವೆಂಟಿನ ಮ್ಯೂಸಿಕ್ ಮಾಸ್ಟ್ರು ಪಿಯಾನೋದ ಮುಂದೆ ಕೂರುವ ಮೊದಲು ಕೋಟಿನ ತೋಳನ್ನು ಎರಡು ಮಡಿಕೆ ಏರಿಸುತ್ತಿದ್ದರು. ಬೊಂಬಾಯಿಯ ಹೋಟೆಲುಗಳಲ್ಲಿ ಜಾಝ್ ಬಾರಿಸಿ, ಬೇರೆಯವರ ಹೆಸರಿನ ಎಷ್ಟೋ ರೆಕಾರ್ಡುಗಳಲ್ಲಿ ನುಡಿಸಿ ಊರಿಗೆ ಮರಳಿದವರು. ತಮ್ಮದೇ ಟ್ಯೂನಿನ ಒಂದು ರೆಕಾರ್ಡ್ ಬರಲೇಬೇಕೆಂಬ ಹಟ ಮಾತ್ರ ಬಿಟ್ಟಿರಲಿಲ್ಲ. ಮದ್ರಾಸಿನ ಕಂಪೆನಿ ಎರಡು ಸಲ ಬೇಡವೆಂದಿತ್ತು. ವೆರಿ ಸ್ಟಬರ್ನ್ ಮನುಷ್ಯ.

ನಮ್ಮ ಪಿಯಾನೋದ ನಡುವಿನ ಒಂದು ಕೀ ಮಳೆಗಾಲದ ತೇವಕ್ಕೆ ಉಬ್ಬಿ, ಒತ್ತಿದರೆ ಮೇಲೇಳುತ್ತಿರಲಿಲ್ಲ. ಅವರಿಗೆ ಬೇರೆ ಪಿಯಾನೋ ಇರಲಿಲ್ಲ.

"ಮಾಸ್ಟ್ರೇ, ಇದರಲ್ಲಿ ಎಂತ ಕಂಪೋಸ್ ಮಾಡುದು?" ಎಂದು ನಾನು ಕೇಳಿದರೆ, "ಇದ್ದದ್ದರಲ್ಲಿ ಬಾರಿಸುದು, ಮಾರಾಯ್ತಿ" ಎನ್ನುತ್ತಿದ್ದರು. ಆ ಕೀ ಬರುವಲ್ಲಿ ಬೆರಳನ್ನು ಗಾಳಿಯಲ್ಲೇ ಒಂದು ಕ್ಷಣ ತಡೆದು ಪಕ್ಕದ್ದಕ್ಕೆ ಹಾರುತ್ತಿದ್ದರು. ಟ್ಯೂನ್ ಹಾಗೆಯೇ ಬೆಳೆಯಿತು. ಮದರ್ ಸುಪೀರಿಯರ್ "ಹೋಟೆಲ್ ಮ್ಯೂಸಿಕ್!" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಮೂರನೆಯ ಸಲ ಕಂಪೆನಿ ಕರೆಯಿತು. ಸ್ಟುಡಿಯೋದ ಪಿಯಾನೋದಲ್ಲಿ ಎಲ್ಲ ಕೀಗಳೂ ಸರಿಯಿದ್ದವಂತೆ. ಟ್ಯೂನಿನ ನಡುವಿನ ಆ ಖಾಲಿ ಜಾಗ ತುಂಬಿಸಿ, ಇಲ್ಲದಿದ್ದರೆ ರೆಕಾರ್ಡ್ ಬೇಡ ಎಂದರಂತೆ ಅಲ್ಲಿನವರು. ಮಾಸ್ಟ್ರು ಕೋಟಿನ ತೋಳು ಮಡಚಿ, ತುಂಬಿಸದೆಯೇ ಬಾರಿಸಿದರಂತೆ. ಕೇಳಿದ ಮೇಲೆ ಅವರೇ ಹಾಗೆಯೇ ಇರಲಿ ಎಂದರಂತೆ.

ರೆಕಾರ್ಡ್ ಬಂದ ದಿನ ಕಾನ್ವೆಂಟಿನ ಹಾಲ್‌ನಲ್ಲಿ ಗ್ರಾಮೊಫೋನ್ ಇಟ್ಟೆವು. ಲೇಬಲ್ಲಿನ ಮೇಲೆ ಅವರದೇ ಹೆಸರು. ಆ ಪುಟ್ಟ ತಡೆ ಬಂದಾಗ ಮದರ್ ತಲೆಯೆತ್ತಿದರು.

"ಮಾಸ್ಟರ್, ಇದು ನಮ್ಮ ಪಿಯಾನೋ ಅಲ್ವಾ?"

"ಹೌದು ಮದರ್. ಜೊತೆಗೇ ಕರಕೊಂಡು ಹೋಗಿದ್ದೆ."