ನಾನು ಸಾಕವ್ವ ಅನ್ನಲಿಲ್ಲ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಅಡುಗೆಮನೆಯ ಗಡಿಯಾರ ಐದು ನಿಮಿಷ ಮುಂದಿತ್ತು ಎಂದು ಅಣ್ಣ ಈಗಲೂ ವಾದಿಸುತ್ತಾನೆ. ಇರಲಿ, ನನ್ನ ನೆನಪು ನಡೆಯುವುದು ಅದೇ ಗಡಿಯಾರದ ಮೇಲೆ. ರೊಟ್ಟಿ ಬಡಿಯುತ್ತಿದ್ದ ವೈನಿಯ ಕೈ ನಿಂತಿತು. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿದ್ದರೂ ತಿರುವಲಿಲ್ಲ. ಗೋಡೆ ಹಿಡಿದು ಎದ್ದು ನಿಂತು, "ಮೇಡಮ್ಮರ, ನೀರ ಹ್ವಾದ್ವು" ಎಂದಳು. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತೇನೆಂದು ಆಕೆ ಚೇಷ್ಟೆಗೆ ನನ್ನನ್ನು ಕರೆಯುವುದೇ ಹಾಗೆ. ಆ ಹೊತ್ತಿನಲ್ಲೂ ಹಾಗೇ ಕರೆದಳು.

ಮೂರನೆಯ ಹೆರಿಗೆ. ದಿನ ತುಂಬಲು ಇನ್ನೂ ಮೂರು ವಾರವಿತ್ತು. ಯಂಕಂಚಿಯ ಮನೆಯಲ್ಲಿ ಆಗ ನಾವಿಬ್ಬರೇ. ಅಣ್ಣ ತನ್ನ ಹಿಟ್ಟಿನ ಗಿರಣಿಯಲ್ಲಿದ್ದ. ಅವ್ವ ಇಬ್ಬರು ಮೊಮ್ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಹೋಗಿದ್ದಳು. ನಾನು ಮುದ್ದೇಬಿಹಾಳದಿಂದ ರಜೆ ಹಾಕಿ, ತಾಳಿಕೋಟೆಯಲ್ಲಿ ಬಸ್ಸು ಬದಲಿಸಿ ಬಂದು ಇನ್ನೂ ಒಂದು ದಿನವಾಗಿತ್ತಷ್ಟೇ.

ಆಂಬುಲೆನ್ಸ್ ಬಂತು. ಗಿರಣಿಯಿಂದ ಓಡಿ ಬಂದ ಅಣ್ಣ ಮೈತುಂಬ ಹಿಟ್ಟು ಮೆತ್ತಿಕೊಂಡೇ ಚಾಲಕನ ಪಕ್ಕ ಕುಳಿತ. ನಾನು ಹಿಂದೆ, ವೈನಿಯ ತಲೆಯ ಬಳಿ. ಸಿಂದಗಿ ಇನ್ನೂ ದೂರವಿರುವಾಗಲೇ ಕೂಸು ಹೊರಬಂತು. ಹೆಣ್ಣು. ಮೈಯೆಲ್ಲ ನೀಲಿ. ಅಳಲಿಲ್ಲ.

ಜೊತೆಗಿದ್ದ ನರ್ಸ್ ನನ್ನ ವಿದ್ಯಾರ್ಥಿನಿಯರಿಗಿಂತ ಎರಡು ವರ್ಷ ದೊಡ್ಡವಳಿರಬೇಕು. ಕೂಸಿನ ಬೆನ್ನನ್ನು ಟವೆಲ್ಲಿನಿಂದ ತಿಕ್ಕುತ್ತ, ಮುಖವೆತ್ತದೆ ನನಗೆ ಹೇಳಿದಳು: "ತಾಯಿನ ಮಾತಾಡಸ್ರಿ. ಕಣ್ಣ ಮುಚ್ಚಗೊಡಬ್ಯಾಡ್ರಿ. ಹೆಸರ ಹಿಡದ ಕರೀರಿ."

ವೈನಿ ನಮ್ಮ ಮನೆಗೆ ಬಂದು ಒಂಬತ್ತು ವರ್ಷ. ಒಮ್ಮೆಯೂ ನಾನು ಆಕೆಯ ಹೆಸರು ಹಿಡಿದು ಕರೆದಿರಲಿಲ್ಲ. ಅಣ್ಣನ ಹೆಂಡತಿಯನ್ನು ಹಾಗೆ ಕರೆಯುವುದು ನಮ್ಮಲ್ಲಿಲ್ಲ. ಅಂದು ಕರೆದೆ. ಕಿರುಚಿ ಕರೆದೆ. ಆಕೆ ಕಣ್ಣು ತೆರೆದು, "ಅಳಾಕತ್ತೈತೇನು?" ಎಂದು ಕೇಳಿದಳು.

"ಹೂಂ, ಅಳಾಕತ್ತೈತಿ" ಎಂದೆ. ಎಂಜಿನ್ನಿನ ಸದ್ದು ಬಿಟ್ಟರೆ ಅಲ್ಲಿ ಬೇರೇನೂ ಕೇಳುತ್ತಿರಲಿಲ್ಲ.

ಕೂಸನ್ನೂ ಕರೆಯಬೇಕೆನ್ನಿಸಿತು. ಏನೆಂದು ಕರೆಯಲಿ? ತಾಯಿಯನ್ನು ಕೂಗಿ ಹಿಡಿದು ನಿಲ್ಲಿಸಲು ಒಂದು ಹೆಸರಿತ್ತು, ಕೂಸಿಗೆ ಅದೂ ಇರಲಿಲ್ಲ. ಏ, ಏ ಎಂದಷ್ಟೇ ಕೂಗಿದೆ. ನರ್ಸ್ ಅದರ ಮುಖಕ್ಕೆ ಸಣ್ಣ ಮಾಸ್ಕ್ ಇಟ್ಟು ಚೀಲ ಒತ್ತುತ್ತಲೇ ಇದ್ದಳು. ಸೀನಿದಂಥ ಒಂದು ಸದ್ದು. ಆಮೇಲೆ ಅಳು. ನಡುವೆ ಎಷ್ಟು ಹೊತ್ತು ಹೋಯಿತೋ ಗೊತ್ತಿಲ್ಲ. ಪಾಠ ಮಾಡುವಾಗ, ಬಸ್ಸಿನಲ್ಲಿ ಕುಳಿತಾಗ ಈಗಲೂ ಆ ಹೊತ್ತಿಗೇ ವಾಪಸ್ಸು ಹೋಗುತ್ತೇನೆ. ಒಮ್ಮೊಮ್ಮೆ ಸೀನಿದಂಥ ಆ ಸದ್ದು ಬರುವುದೇ ಇಲ್ಲ.

ಸಿಂದಗಿಯ ಆಸ್ಪತ್ರೆಯಲ್ಲಿ ವೈನಿಗೆ ರಕ್ತ ಕೊಟ್ಟರು. ಮೂರನೆಯ ದಿನ ಡಾಕ್ಟರು ಅಣ್ಣ, ಅವ್ವ, ನಾನು ಮೂವರನ್ನೂ ನಿಲ್ಲಿಸಿಕೊಂಡು, "ಈ ಸಲ ಉಳದಾಳ. ಇನ್ನ ಮುಂದ ಹಡಿಯೂದು ಬ್ಯಾಡ್ರಿ. ಮತ್ತ ಹಿಂಗ ಆದ್ರ ನಮ್ಮ ಕೈಯಾಗ ಇರೂದಿಲ್ಲ" ಎಂದರು. ಅವ್ವ ಗೋಣು ಹಾಕಿದಳು. ಅಣ್ಣ ನೆಲ ನೋಡುತ್ತ ನಿಂತಿದ್ದ.

ಮನೆಗೆ ಬಂದ ಮೇಲೆ ನಾನೂ ವೈನಿಯೂ ನಿದ್ದೆಯನ್ನು ಮರೆತೆವು. ಕೂಸು ಅತ್ತರೆ ನಮಗೆ ಸಮಾಧಾನ, ಸುಮ್ಮನೆ ಮಲಗಿತೋ ಇಬ್ಬರ ಬೆರಳೂ ಅದರ ಮೂಗಿನ ಕೆಳಗೆ. ಎಷ್ಟೋ ಸಲ ಬೆರಳಿಗೆ ಬೆರಳು ತಾಗಿ ನಾವೇ ಬೆಚ್ಚಿದ್ದುಂಟು.

ತೊಟ್ಟಿಲು ಹಾಕುವ ದಿನ ಗೊತ್ತಾಯಿತು. ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದ ಅವ್ವ, ಮೊರದಿಂದ ಕಣ್ಣೆತ್ತದೆ, "ಸಾಕವ್ವ ಅಂತ ಇಡೂಣು" ಎಂದಳು.

ಒಂದರ ಹಿಂದೊಂದು ಹೆಣ್ಣು ಹುಟ್ಟಿದ ಮನೆಗಳಲ್ಲಿ ಇಡುವ ಹೆಸರು ಅದು. ಹೆಣ್ಣು ಸಾಕು, ಮುಂದಿನದು ಗಂಡಾಗಲಿ ಎಂದು ದೇವರಿಗೆ ತಿಳಿಸುವ ಹೆಸರು.

"ಮುಂದಿಂದು ಯಾವುದಬೇ?" ಎಂದೆ. "ಡಾಕ್ಟರು ಹೇಳಿದ್ದು ಕೇಳಿದಿಲ್ಲೋ?"

"ಡಾಕ್ಟರು ಅಂತಾರ. ನಿನ್ನ ಹಡದಾಗ ನನಗೂ ಸೂಲಗಿತ್ತಿ ಹಂಗ ಅಂದಿದ್ಲು. ಆಮ್ಯಾಲ ಎರಡ ಹಡದೆ."

"ಅವೆರಡೂ ಎಲ್ಲಿ ಅದಾವ?"

ಎರಡೂ ಉಳಿದಿರಲಿಲ್ಲ. ನಾನು ಹಾಗೆ ಕೇಳಬಾರದಿತ್ತು. ಆದರೆ ಕೇಳಿದ್ದಕ್ಕೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆ ಹೆಸರನ್ನು ಇಟ್ಟೆವೆಂದರೆ ನಾಲ್ಕನೆಯ ಹೆರಿಗೆಗೆ ಮನೆಮಂದಿಯೆಲ್ಲ ಒಪ್ಪಿದಂತೆ. ದಿನಕ್ಕೆ ನೂರು ಸಲ ಅದನ್ನು ಕೂಗುವುದೆಂದರೆ ನೂರು ಸಲ ವೈನಿಯನ್ನು ಅದೇ ಗಾಡಿಯಲ್ಲಿ ಮಲಗಿಸಿದಂತೆ.

ನನ್ನ ತರಗತಿಯಲ್ಲಿ ಹಿಂದೆ ಅದೇ ಹೆಸರಿನ ಹುಡುಗಿಯೊಬ್ಬಳಿದ್ದಳು. ಮೊದಲ ವಾರವೇ ಸ್ಟಾಫ್ ರೂಮಿಗೆ ಬಂದು, "ಮೇಡಂ, ಹಾಜರಿ ಕರೆಯೂಮುಂದ ನನ್ನ ನಂಬರಷ್ಟ ಕರೀರಿ" ಎಂದಿದ್ದಳು. ಎರಡು ವರ್ಷದ ಮೇಲೆ ಆಕೆಯ ತಮ್ಮನೂ ಅದೇ ಕಾಲೇಜಿಗೆ ಸೇರಿದ. ಅವನ ಹೆಸರನ್ನು ಕರೆಯಲು ಯಾವ ಅಡ್ಡಿಯೂ ಇರಲಿಲ್ಲ.

ಒಳಗೆ ಹೋಗಿ ವೈನಿಯನ್ನು ಕೇಳಿದೆ: "ನಿಮಗ ಯಾವ ಹೆಸರ ಬೇಕ್ರಿ?"

ಆಕೆ ಯೋಚಿಸಲೇ ಇಲ್ಲ. ಹೆಸರು ತಟ್ಟನೆ ಬಂತು, ಇಷ್ಟು ದಿನ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಿದ್ದಂತೆ. "ಮೊದಲನೇದಕ್ಕ ಇಡಬೇಕಂತಿದ್ದೆ" ಎಂದಳು. "ಆಗ ಮನಿದೇವರ ಹೆಸರ ಬಂತು. ಎರಡನೇದಕ್ಕ ನಿಮ್ಮಜ್ಜಿದು ಬಂತು. ನನ್ನ ಯಾರೂ ಕೇಳಲೇ ಇಲ್ಲ."

"ಕಿವ್ಯಾಗ ಹೇಳಾಕಿ ನಾನಲ್ಲೇನ್ರಿ?"

ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ತಂದೆಯ ತಂಗಿಯ ಬಾಯಿಂದ ಹೋದದ್ದೇ ಹೆಸರು. ಅದು ವೈನಿಗೂ ಗೊತ್ತಿತ್ತು. ಮೆಲ್ಲಗೆ, "ಅತ್ತಿ ನಿಮ್ಮನ್ನ ಕೊಲ್ತಾರ" ಎಂದಳು.

"ಕೊಲ್ಲಲಿ. ರಜಾ ಇನ್ನೂ ಐದ ದಿನ ಐತಿ."

ತೊಟ್ಟಿಲಿನ ದಿನ ವೈನಿಯ ತಾಯಿ ಬಸವನ ಬಾಗೇವಾಡಿಯಿಂದ ತೊಟ್ಟಿಲು, ಮಗಳಿಗೆ ಕುಬಸ, ಕೂಸಿನ ತಲೆಗೆ ಕುಲಾಯಿ ಹೊತ್ತು ಬಂದರು. ಹೆಸರೇನಿಡಬೇಕೆಂದು ಯಾರೋ ಏಳು ವರ್ಷದ ಹಿರಿಯ ಮಗಳನ್ನು ಕೇಳಿದ್ದಕ್ಕೆ, "ನಮ್ಮ ಆಡಿನ ಹೆಸರ ಇಡ್ರಿ, ಕರದ್ರ ಲಗೂನ ಬರ್ತೈತಿ" ಎಂದಳು. ಹೆಂಗಸರೆಲ್ಲ ನಕ್ಕರು. ರುಬ್ಬುಗುಂಡಿಗೆ ಕುಂಕುಮ ಹಚ್ಚಿ, ಕೂಸಿನಂತೆ ಬಟ್ಟೆ ಸುತ್ತಿ, ತೊಟ್ಟಿಲ ಮೇಲಿಂದ ಕೆಳಗಿಂದ ದಾಟಿಸಿದರು. ಬಳಿಕ ಕೂಸನ್ನು ಮಲಗಿಸಿದರು.

ನಾನು ಸೆರಗು ಮುಚ್ಚಿಕೊಂಡು ಬಗ್ಗಿದೆ. ಬೆನ್ನ ಹಿಂದೆ ಹೆಂಗಸರು ಮುಷ್ಟಿ ಕಟ್ಟಿ ಸಿದ್ಧರಾಗಿದ್ದರು. ಅತ್ತೆ ಹೆಸರು ಹೇಳುವಾಗ ಬೆನ್ನಿಗೆ ಗುದ್ದು ಬೀಳಲೇಬೇಕು. ಕೂಸು ಉಸಿರಾಡುತ್ತಿತ್ತು. ಆ ಕಿವಿ ನನ್ನ ತುಟಿಗಿಂತ ಸಣ್ಣದು. ಅಂದು ಗಾಡಿಯಲ್ಲಿ ಕರೆಯಲು ಹೆಸರಿರಲಿಲ್ಲ, ಇಂದು ಇತ್ತು. ವಾಡಿಕೆಯಂತೆ ಮೊದಲು ಮೂರು ಸಲ ಕುರ್‌ರ್ ಎಂದೆ. ಮೂರು ಸಲ ವೈನಿ ಹೇಳಿದ ಹೆಸರನ್ನೇ ಹೇಳಿದೆ. ಗುದ್ದುಗಳು ಬಿದ್ದವು. ಅವ್ವನ ಗುದ್ದು ಎಲ್ಲಕ್ಕಿಂತ ಜೋರು. ಪಾಪ, ಆಕೆಗೆ ಇನ್ನೂ ಗೊತ್ತಿರಲಿಲ್ಲ. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಆ ಹೆಸರನ್ನು ಹೇಳಿದೆ.

ಅದನ್ನು ಇಲ್ಲಿ ಬರೆಯುವುದಿಲ್ಲ. ಹುಡುಗಿ ದೊಡ್ಡವಳಾದ ಮೇಲೆ ಯಾರಿಗೆ ಬೇಕೋ ಅವರಿಗೆ ತಾನೇ ಹೇಳಿಕೊಳ್ಳಲಿ. ಇಷ್ಟು ಹೇಳಬಲ್ಲೆ, ಅದರಲ್ಲಿ ತಮ್ಮನನ್ನು ಕೊಡು ಎಂಬ ಅರ್ಜಿ ಇಲ್ಲ.

"ಏನಂದಿ?" ಎಂದಳು ಅವ್ವ.

"ಕೇಳಿದಿ."

"ಬ್ಯಾರೆ ಹೇಳು. ಮತ್ತ ಬಗ್ಗಿ ಹೇಳು."

ಪಕ್ಕದ ಮನೆಯ ಮುದುಕಿ ಬಾಯಲ್ಲಿದ್ದ ಎಲೆ-ಅಡಿಕೆ ಒಂದು ಕಡೆ ತಳ್ಳಿ, "ಕಿವ್ಯಾಗ ಹೋದದ್ದು ಹೊರಗ ಹ್ಯಾಂಗ ತೆಗಸ್ತೀಯಬೇ? ಕಡ್ಡಿಗೆ ಹತ್ತಿ ಸುತ್ತಿ ತೆಗಸ್ತೀಯೇನು?" ಎಂದಳು. ಯಾರೋ ನಕ್ಕರು. ಅವ್ವ ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಣ್ಣನತ್ತ ತಿರುಗಿ, "ನೀ ಗಂಡಸದೀ, ನೀನರ ಹೇಳು" ಎಂದಳು.

"ಸೋದರತ್ತಿ ಇಟ್ಟಾಳ" ಎಂದು ಅಣ್ಣ ಗಿರಣಿಗೆ ಹೊರಟುಹೋದ.

"ಓದಿಸಿದ್ದ ತಪ್ಪಾತು" ಎಂದಳು ಅವ್ವ ನನಗೆ. "ತಪ್ಪಾಗಿದ್ರ ಆತು" ಎಂದೆ.

ಹೆಸರು ಗೆದ್ದರೂ ನನ್ನ ಭಯ ಹೋಗಲಿಲ್ಲ. ರಜೆ ಮುಗಿಸಿ ಹೋದ ಮೇಲೆ ಮುದ್ದೇಬಿಹಾಳದ ಕೋಣೆಯಲ್ಲೂ ನಿದ್ದೆಯಿಲ್ಲ. ಗೋಣು ಹಾಕಿದ ಅವ್ವ, ನೆಲ ನೋಡಿದ ಅಣ್ಣ, ಇವರಿಬ್ಬರ ನಡುವೆ ವೈನಿ. ತೊಟ್ಟಿಲಿನ ದಿನ ಅಣ್ಣ ಒಂದೇ ಮಾತು ಹೇಳಿ ಗಿರಣಿಗೆ ಹೊರಟುಹೋದದ್ದನ್ನು ನಾನು ಹೇಡಿತನ ಎಂದುಕೊಂಡಿದ್ದೆ. ವಾರವಾರ ಊರಿಗೆ ಹೋಗುತ್ತಿದ್ದೆ. ವೈನಿಯ ಕಣ್ಣ ಕೆಳಗೂ ಅದೇ ಕಪ್ಪು.

ಅಂಥದೇ ಒಂದು ಶನಿವಾರ ನಾನು ಹೋದಾಗ ಅಣ್ಣ ಮನೆಯಲ್ಲಿರಲಿಲ್ಲ. ಗಿರಣಿಯ ಮೋಟರ್ ಸಾಮಾನು ತರುತ್ತೇನೆಂದು ಬೆಳಗಿನ ಬಸ್ಸಿಗೆ ಇಂಡಿಗೆ ಹೋಗಿದ್ದನಂತೆ. ಹೊತ್ತು ಇಳಿಯುವಾಗ ಬರಿಗೈಯಲ್ಲಿ ಬಂದ. ಕಾಲು ಅಗಲಿಸಿಕೊಂಡು, ಮೆಲ್ಲಗೆ, ಅಂಗಳದಲ್ಲಿ ಮೊಟ್ಟೆ ಹರಡಿದ್ದಾರೇನೋ ಎಂಬಂತೆ ನಡೆದ.

"ಏನಾತೋ?" ಎಂದಳು ಅವ್ವ.

"ಸರಕಾರಿ ದವಾಖಾನಿಗೆ ಹೋಗಿದ್ದೆ. ಆಪರೇಷನ್ ಮಾಡಿಸಿಕೊಂಡ ಬಂದೇನಿ. ಇನ್ನ ಮುಂದ ಮಕ್ಕಳಿಲ್ಲ."

ಅವ್ವ ಬೀದಿಯತ್ತ ಕಣ್ಣು ಹಾಯಿಸಿದಳು. "ಊರಾಗ ಏನಂತಾರ?"

"ಏನರ ಅನ್ನಲಿ. ಹಿಟ್ಟ ಬೀಸಾಕ ಇಲ್ಲೇ ಬರ್ತಾರ. ಬ್ಯಾರೆ ಗಿರಣಿ ಎಲ್ಲೈತಿ?"

ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದುಕೊಂಡೆ. ಹತ್ತಿರ ಹೋದರೆ ನಗುತ್ತಿದ್ದಳು. "ಮೋಟರ್ ರಿಪೇರಿ ಆತಂತ್ರಿ, ಮೇಡಮ್ಮರ."

ಆ ಶನಿವಾರ ಮಲಗಿದವರು ಭಾನುವಾರ ಎದ್ದದ್ದು ಬಿಸಿಲು ಕಾಲ ಮೇಲೆ ಬಿದ್ದಾಗಲೇ. ನಡುವೆ ಒಮ್ಮೆಯೂ ನನ್ನ ಬೆರಳು ಕೂಸಿನ ಮೂಗಿನತ್ತ ಹೋಗಿರಲಿಲ್ಲ. ಪಕ್ಕದಲ್ಲಿ ಕೂಸೂ ಇರಲಿಲ್ಲ. ಅಂಗಳದಲ್ಲಿ ಕಾಲು ಚಾಚಿ ಕುಳಿತ ಅವ್ವ ಅದಕ್ಕೆ ಎಣ್ಣೆ ಹಚ್ಚುತ್ತಿದ್ದಳು. ಹೆಸರು ಹಿಡಿದೇ ಮಾತಾಡಿಸುತ್ತಿದ್ದಳು. ಹೆಸರಿನ ಕೊನೆಗೊಂದು 'ಅವ್ವ' ಅಂಟಿಸಿ ಅದನ್ನು ತನ್ನ ಬಾಯಿಗೆ ಹೊಂದಿಸಿಕೊಂಡಿದ್ದಳು, ಅಷ್ಟೇ.

ನಾನು ಕಣ್ಣು ಬಿಟ್ಟದ್ದು ಕಂಡು, "ಹೆಣ್ಣಮಕ್ಕಳು ಇಷ್ಟೊತ್ತನಕ ಮಲಗ್ತಾರೇನು?" ಎಂದಳು.

ವೈನಿ ಇನ್ನೂ ಗಾಢ ನಿದ್ದೆಯಲ್ಲಿದ್ದಳು. ಜಾರಿದ್ದ ಕಂಬಳಿಯನ್ನು ಆಕೆಯ ಹೆಗಲ ಮೇಲೆ ಎಳೆದು ಹೊದಿಸಿ, ನಾನೂ ಮಗ್ಗುಲಾದೆ.