ಶಿಕಾರಿಪುರದ ಹೋಟೆಲಿನಲ್ಲಿ ಇಟಲಿಯ ಮಾತು

ಸೊರಬದ ಬಸ್ಸು ಶಿಕಾರಿಪುರದಲ್ಲಿ ನಿಂತಾಗ ಹೋಟೆಲಿಗೆ ಇಳಿದೆವು. ನರ್ಸ್ ಕೆಲಸ ಕಲಿಯಲು ಇಟಲಿಗೆ ಹೊರಟಿರುವ ತಂಗಿ ಗೌರಿ ಅಲ್ಲಿಯ ಮಾತಿನ ಉಚ್ಚಾರ ಅಭ್ಯಾಸ ಮಾಡುತ್ತಿದ್ದಳು. ಕೊನೆಯ ಸ್ವರ ನುಂಗಬಾರದು, ಒತ್ತಕ್ಷರವನ್ನು ಕನ್ನಡದಂತೆಯೇ ಒತ್ತಬೇಕು: "ಲತ್ತೆ ಅಂದ್ರೆ ಹಾಲು, ಲೆತ್ತೊ ಅಂದ್ರೆ ಹಾಸಿಗೆ." ಅಷ್ಟು ದೂರದ ಮಾತು ನಮ್ಮ ನಾಲಿಗೆಗೆ ಇಷ್ಟು ಸಲೀಸೇ!

"ಹುಡುಗಿ ಗಂಡನ ಮನಿಗೆ ಹೊಂಟಾಳೇನ್ರೀ?" ಎದುರು ಕೂತಿದ್ದ ಯಜಮಾನರು ಕೇಳಿದರು.

"ಹೌದ್ರೀ," ಎಂದುಬಿಟ್ಟೆ.

ಗೌರಿ ಅಭ್ಯಾಸ ನಿಲ್ಲಿಸಿ ನನ್ನತ್ತ ನೋಡಿದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಅಣ್ಣ ನಾನು, ಜನಕ್ಕೆ ಹೆದರಿ ಅವಳನ್ನು ಸಣ್ಣವಳು ಮಾಡಿದ್ದೆ. ನನ್ನ ಮೇಲೇ ಸಿಟ್ಟು ಬಂತು.

"ಸುಳ್ಳು ಹೇಳ್ದೆ ಕಣ್ರೀ. ಇಟಲಿಗೆ ಹೋಗ್ತಾಳೆ, ಓದಕ್ಕೆ. ಒಬ್ಳೇ."

"ಹೆಣ್ಣುಮಗಳನ್ನ? ಮಂದಿ ಏನಂದಾರು?"

"ಅಂದ್ಕೊಳ್ಲಿ. ಗೌರೀ, ತಂಗಿಗೆ ಅಲ್ಲಿ ಏನಂತಾರೆ?"

"ಸೊರೆಲ್ಲ."

ಎದ್ದು ನಿಂತು, ಇಡೀ ಹೋಟೆಲಿಗೆ ಕೇಳುವಂತೆ ಹೇಳಿದೆ: "ಇವಳು ನನ್ನ ಸೊರೆಲ್ಲ ಕಣ್ರೀ!"