ಎಡಗೈಯ ಶಾಯಿ ಚುಕ್ಕೆ

ಆಗೆಲ್ಲ ನಾಡಿ ನೋಡಬೇಕೆಂದರೆ ಇಬ್ಬರು ಬೇಕಿತ್ತು. ಒಬ್ಬರು ಕೈ ಕೊಡಬೇಕು, ಇನ್ನೊಬ್ಬರು ಹಿಡಿಯಬೇಕು.

ಅಮ್ಮನನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿ ಅಪ್ಪ ನನ್ನನ್ನು ಮಧುರೆ ಎಂಬ ಹಳ್ಳಿಯ ದೊಡ್ಡಮ್ಮನ ಮನೆಯಲ್ಲಿ ಬಿಟ್ಟುಹೋದದ್ದು ಅವರೆಕಾಯಿ ಕಾಲದಲ್ಲಿ. ಐದನೇ ಕ್ಲಾಸಿಗೆ ನಡುವಿನಲ್ಲಿ ಸೇರಿಕೊಂಡೆ. ಊರೆಲ್ಲ ಅವರೆಯ ಸೊಗಡು. ಮಕ್ಕಳ ಉಗುರುಸಂದಿಯಲ್ಲೂ ಅದೇ ವಾಸನೆ.

ಡ್ರಿಲ್ ಮೇಷ್ಟ್ರು ಆ ವರ್ಷ ಎಲ್ಲೋ ತರಬೇತಿಗೆ ಹೋಗಿ ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ಬಂದಿದ್ದರು. ಮೈದಾನ ಸುತ್ತ ಓಡಿಸಿ, ಸೀಟಿ ಊದಿ, "ಜೋಡಿ ಹಿಡ್ಕೊಳ್ರೋ, ನಾಡಿ ಎಣಿಸ್ರೋ" ಅನ್ನುತ್ತಿದ್ದರು. ಎಲ್ಲರಿಗೂ ಜೋಡಿ ಮೊದಲೇ ಇತ್ತು. ನಾನು ಹೆಚ್ಚಿಗೆ.

"ನೀನು ನಿನ್ದೇ ನೋಡ್ಕೊಳವ್ವಾ" ಅಂದರು ಮೇಷ್ಟ್ರು.

ಎಷ್ಟು ಒತ್ತಿದರೂ ನನ್ನ ಮಣಿಕಟ್ಟಿನಲ್ಲಿ ಏನೂ ಸಿಗಲಿಲ್ಲ. ಪಕ್ಕದ ನಾಗರಾಜ ಬಗ್ಗಿ ನೋಡಿದ.

"ಲೇ, ಇವಳಿಗೆ ನಾಡಿನೇ ಇಲ್ಲ ಕಣ್ರೋ! ದೆವ್ವ! ಪಾದ ಹಿಂದುಮುಂದು ಐತಾ ನೋಡ್ರಲಾ!"

ಎಲ್ಲರೂ ನನ್ನ ಪಾದ ನೋಡಿದರು. ನಾನೂ ನೋಡಿಕೊಂಡೆ.

ಅಮ್ಮನ ಕೈ ಹಿಡಿದು ಡಾಕ್ಟರು ಮತ್ತೆ ಮತ್ತೆ ನಾಡಿ ಹುಡುಕಿದ್ದನ್ನು ಕಂಡಿದ್ದೆ. ನಾಡಿ ಸಿಗದಿದ್ದರೆ ಏನರ್ಥವೆಂದು ದೊಡ್ಡಮ್ಮನನ್ನು ಕೇಳುವುದಕ್ಕೂ ಭಯ. ಹಿತಕಬೇಳೆಗೆ ನೆನೆದ ಅವರೆ ಹಿಚುಕುತ್ತಾ ಕೂತಾಗಲೂ ಮಣಿಕಟ್ಟು ಒತ್ತಿಕೊಳ್ಳುತ್ತಿದ್ದೆ.

ಒಂದು ದಿನ ನಮ್ಮ ಕ್ಲಾಸಿನ ರತ್ನಳ ಜೋಡಿ ಅವರೆ ಕೀಳಲು ಹೊಲಕ್ಕೆ ಹೋಗಿ ಸ್ಕೂಲಿಗೆ ಬರಲಿಲ್ಲ. ರತ್ನ ನನ್ನ ಮುಂದೆ ಬಂದು ನಿಂತಳು. ಬಲಗೈ ಚಾಚಿದೆ.

"ಅದಲ್ಲ ಕಣೇ. ಹೆಣ್ಮಕ್ಕಳದ್ದು ಎಡಗೈಲಿ ನೋಡ್ಬೇಕು, ನಮ್ಮಜ್ಜಿ ಹೇಳೈತೆ."

ನನ್ನ ಬಳೆಗಳನ್ನು ಮೇಲಕ್ಕೆ ಸರಿಸಿ, ಬೆರಳೊತ್ತಿ, ಕಣ್ಣು ಮುಚ್ಚಿದಳು. ನಾನು ಉಸಿರು ಬಿಗಿಹಿಡಿದೆ.

"ಐತೆ ಕಣೇ! ಹಿಡಿದ ಕೋಳಿಮರಿ ಥರ ಪುಕಪುಕ ಅಂತೈತೆ!"

ಮೇಷ್ಟ್ರ ಪೆನ್ನು ಇಸ್ಕೊಂಡು ಬಂದು ಅಲ್ಲೊಂದು ಚುಕ್ಕೆ ಇಟ್ಟಳು. "ಇನ್ಮೇಲೆ ಇಲ್ಲೇ ಹುಡುಕ್ಕೋ."

ಮಾರನೆಯ ದಿನ ಅವಳ ಜೋಡಿ ಬಂದಳು. ನಾನು ಮತ್ತೆ ಹೆಚ್ಚಿಗೆಯವಳೇ. ಆದರೆ ಚುಕ್ಕೆಯ ಮೇಲೆ ಬೆರಳಿಟ್ಟರೆ ಸಿಗುತ್ತಿತ್ತು. ಸ್ನಾನ ಮಾಡುವಾಗ ಎಡಗೈ ನೆನೆಯದಂತೆ ಎತ್ತಿ ಹಿಡಿಯುತ್ತಿದ್ದೆ. "ಯಾರಿಗೇ ಟಾಟಾ ಮಾಡ್ತಿದೀಯಾ?" ಎಂದು ದೊಡ್ಡಮ್ಮ ನಗುತ್ತಿದ್ದರು.

ಚುಕ್ಕೆ ಮಾಸುವಷ್ಟರಲ್ಲಿ ಅಪ್ಪ ಕರೆದೊಯ್ಯಲು ಬಂದರು. ಅಮ್ಮ ಮನೆಯಲ್ಲಿದ್ದಳು. ಮೊದಲು ಅವಳ ಎಡಗೈ ಹಿಡಿದು ನೋಡಿದೆ. ಇತ್ತು. ರತ್ನಳನ್ನು ಮತ್ತೆ ನೋಡಲಿಲ್ಲ.

ಮೊನ್ನೆ ದೇವನಹಳ್ಳಿಯಲ್ಲಿ ಮಗಳ ಸ್ಕೂಲಿಗೆ ಹೋಗಿದ್ದೆ. ಆಟದ ಪೀರಿಯಡ್ಡಿನಲ್ಲಿ ಪ್ರತಿ ಮಗುವಿನ ತೋಳಿಗೂ ಒಂದು ಪಟ್ಟಿ. ಎಲ್ಲರ ಎದೆಬಡಿತವೂ ಗೋಡೆಯ ಪರದೆಯ ಮೇಲೆ, ಹಸಿರು, ಹಳದಿ, ಕೆಂಪು ಬಣ್ಣದಲ್ಲಿ. ಹೆಚ್ಚಿಗೆಯಾಗಿ ಯಾರೂ ಉಳಿದಿರಲಿಲ್ಲ, ಅದು ಒಳ್ಳೆಯದೇ. ಓಡಿ ಬಂದ ಮಕ್ಕಳು ಅಕ್ಕಪಕ್ಕ ನೋಡದೆ, ಪರದೆಯಲ್ಲಿ ತಂತಮ್ಮ ಹೆಸರು ಹುಡುಕುತ್ತಾ ನಿಂತಿದ್ದರು.

ಏದುಸಿರು ಬಿಡುತ್ತಿದ್ದ ಮಗಳ ಎಡಗೈ ಹಿಡಿಯಹೋದೆ.

"ಅಯ್ಯೋ ಮಮ್ಮಿ, ಅಲ್ಲೇ ತೋರಿಸ್ತಿದೆಯಲ್ಲ!" ಎಂದು ಕೊಸರಿಕೊಂಡಳು.

ಮನೆಗೆ ಮರಳುವಾಗ ಬಸ್ಸಿನಲ್ಲಿ ಬಳೆ ಸರಿಸಿ ನನ್ನದೇ ನೋಡಿಕೊಂಡೆ. ಬೆರಳಿಗೆ ಆ ಜಾಗ ಮರೆತಿಲ್ಲ, ಮೊದಲ ಸಲಕ್ಕೇ ಸಿಕ್ಕಿತು. "ಐತೆ ಕಣೇ" ಅನ್ನುವವರು ಮಾತ್ರ ಪಕ್ಕದಲ್ಲಿರಲಿಲ್ಲ.